ಒಂದೇ ಬಾಣಲೆ, ಎಷ್ಟು ಪಾತ್ರೆ?

ಕಳೆದ ಮಳೆಗಾಲದ ಒಂದು ಶನಿವಾರ ರಾತ್ರಿ ಮನೆಮಂದಿಗೆಲ್ಲ ಕೆನೆ ಹಾಕಿದ ಕೋಳಿ ಮಾಡಿ ಬಡಿಸಿದೆ. ಒಂದೇ ಬಾಣಲೆ, ನಲವತ್ತೇ ನಿಮಿಷ ಎಂದು ಎರಡು ದಿನದಿಂದ ಹೇಳಿಕೊಂಡು ತಿರುಗಿದ್ದೆ. ಊಟವಾದ ಮೇಲೆ ಅಕ್ಕ ಸಿಂಕಿನ ಮುಂದೆ ನಿಂತು ಎಣಿಸತೊಡಗಿದಳು. ಕೋಳಿಗೆ ಉಪ್ಪು, ಮೆಣಸಿನ ಪುಡಿ ಸವರಿಟ್ಟ ಬೋಗುಣಿ, ಈರುಳ್ಳಿ ಹೆಚ್ಚಿದ ಮಣೆ, ಕೋಳಿಗೇ ಬೇರೆ ಇನ್ನೊಂದು ಮಣೆ, ಎರಡು ಚಾಕು, ಹುರಿದ ತುಂಡು ತೆಗೆದಿಟ್ಟ ತಟ್ಟೆ, ಬೆಳ್ಳುಳ್ಳಿ ಜಜ್ಜಿದ ಕುಟ್ಟಾಣಿ, ಕೆನೆ ಅಳೆದ ಲೋಟ, ಅನ್ನದ ಕುಕ್ಕರ್, ಅದರ ಮುಚ್ಚಳ. “ಒಂದೇ ಬಾಣಲೆ ಅಂದ್ಯಲ್ಲೋ?” ಎಂದಳು. ಬಾಣಲೆ ಒಂದೇ ಇತ್ತು, ಸುಳ್ಳಲ್ಲ. ಉಳಿದದ್ದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆ ಮುಸುರೆಯ ರಾಶಿ ನೋಡಿದ ಮೇಲೆ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸುಲಭದ ಅಡುಗೆ ಎನ್ನುತ್ತೇವಲ್ಲ, ಆ ಸುಲಭವನ್ನು ಅಳೆಯುವುದು ಎಲ್ಲಿ ನಿಂತು? ಒಲೆಯ ಮುಂದೆಯೋ, ಸಿಂಕಿನ ಮುಂದೆಯೋ? ಅಮೆರಿಕದಲ್ಲಿ ಇದೇ ಜಾತಿಯ ಒಂದು ಅಡುಗೆಗೆ ‘ಮ್ಯಾರಿ ಮಿ ಚಿಕನ್’ ಎಂದೇ ಹೆಸರು. ಕೋಳಿ, ಬಿಸಿಲಲ್ಲಿ ಒಣಗಿಸಿದ ಟೊಮೆಟೊ, ಕೆನೆ, ಪಾರ್ಮಸಾನ್ ಚೀಸ್, ಎಲ್ಲವೂ ಒಂದೇ ಬಾಣಲೆಯಲ್ಲಿ. ತಿಂದವರು ಮರುಳಾಗಿ ಮದುವೆಗೆ ಕೇಳಬೇಕಂತೆ. ಮದುವೆಯಾದ ಮೇಲೆ ಬಾಣಲೆ ತಿಕ್ಕುವವರು ಯಾರು ಎಂಬುದು ಹೆಸರಿನಲ್ಲಿಲ್ಲ.

ಹಾಗೆಂದು ಒಂದೇ ಬಾಣಲೆ ಎಂಬುದು ಬರೀ ಬೂಟಾಟಿಕೆ ಎನ್ನಲಾರೆ. ಅದಕ್ಕೆ ರುಚಿಯ ಕಾರಣವೊಂದಿದೆ, ಮತ್ತು ಅದು ಪಾತ್ರೆ ಉಳಿಸುವ ಕಾರಣಕ್ಕಿಂತ ದೊಡ್ಡದು. ಕಾಲಿನ ತುಂಡುಗಳನ್ನು ಬಟ್ಟೆಯಲ್ಲಿ ಒತ್ತಿ ಪಸೆ ತೆಗೆದು, ಕಾದ ಎಣ್ಣೆಯಲ್ಲಿ ಒತ್ತೊತ್ತಾಗಿ ತುಂಬದೆ ಬಿಡಿಬಿಡಿಯಾಗಿ ಇಟ್ಟು, ನಾಲ್ಕೈದು ನಿಮಿಷ ಮುಟ್ಟದೆ ಬಿಟ್ಟರೆ ಅಡಿಭಾಗ ಕೆಂಪಗಾಗುತ್ತದೆ. ನೀರಿರುವಲ್ಲಿ ಶಾಖ 100 ಡಿಗ್ರಿ ದಾಟುವುದಿಲ್ಲ. ಈ ಕೆಂಪು ಚೆನ್ನಾಗಿ ಬರಬೇಕಾದರೆ 140 ಡಿಗ್ರಿಯಾದರೂ ಬೇಕು. 1912ರಲ್ಲಿ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಯ್ ಮಯಾರ್ ಸಕ್ಕರೆ ಮತ್ತು ಅಮೈನೊ ಆಮ್ಲಗಳ ನಡುವಿನ ಈ ಕ್ರಿಯೆಯನ್ನು ವಿವರಿಸಿದ. ಇಂದಿಗೂ ಅದಕ್ಕೆ ಅವನದೇ ಹೆಸರು. ತುಂಡು ಎತ್ತಿದಾಗ ತಳದಲ್ಲಿ ಕಂದು ಬಣ್ಣದ ಪದರವೊಂದು ಅಂಟಿಕೊಂಡಿರುತ್ತದೆ. ಅದರ ಮೇಲೆಯೇ ಈರುಳ್ಳಿ ಬಾಡಿಸಿ, ಅರ್ಧ ಲೋಟ ನೀರು ಹಾಕಿ, ಮರದ ಸೌಟಿನಿಂದ ತಳ ಕೆರೆದರೆ ಆ ಪದರವೆಲ್ಲ ಕರಗಿ ರಸಕ್ಕೆ ಇಳಿಯುತ್ತದೆ. ಪಾತ್ರೆ ಬದಲಾಯಿಸಿದಿರೋ, ಅರ್ಧ ರುಚಿ ಸಿಂಕಿಗೆ ಹೋಯಿತು.

ಇಂಗ್ಲಿಷ್ ಅಡುಗೆ ಬರಹಗಾರರು ಆ ಪದರಕ್ಕೆ ‘ಫೋಂ’ ಎಂಬ ಫ್ರೆಂಚ್ ಪದ ಬಳಸುತ್ತಾರೆ. ಪದದ ಅರ್ಥವೇ ತಳ. ನಮ್ಮಲ್ಲಿ ‘ತಳ ಹಿಡೀತು’ ಎಂದರೆ ಅದು ಬೈಗುಳ. ಆದರೂ ಆ ರುಚಿ ನಮಗೆ ಹೊಸದಲ್ಲ. ತುಪ್ಪ ಕಾಯಿಸಿದ ಪಾತ್ರೆಯ ಗಸಿಗೆ ಬಿಸಿ ಅನ್ನ ಕಲಸಿಕೊಂಡು ಜಗಳಾಡಿ ತಿಂದವರು, ಪಲ್ಯದ ಬಾಣಲೆಗೇ ಅನ್ನ ಹಾಕಿ ಬಳಿದು ಉಂಡವರು ಎಲ್ಲರೂ ಅದನ್ನು ಬಲ್ಲರು. ಹೆಸರಿಟ್ಟಿರಲಿಲ್ಲ ಅಷ್ಟೆ.

ಕೆನೆಯ ವಿಷಯವೂ ಹೀಗೆಯೇ. ಮೊದಲ ಸಲ ನಾನು ಟೊಮೆಟೊ ಕುದಿಯುತ್ತಿದ್ದಾಗಲೇ, ಉರಿ ಜೋರಾಗಿಯೇ ಇದ್ದಾಗ ಡಬ್ಬಿಯ ಕೆನೆ ಸುರಿದೆ. ಎರಡೇ ನಿಮಿಷಕ್ಕೆ ರಸವೆಲ್ಲ ಒಡೆದು ರವೆರವೆಯಾಯಿತು. ಅಂಗಡಿಯಲ್ಲಿ ಸಿಗುವ ಫ್ರೆಶ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಶೇಕಡಾ 25ರಷ್ಟು ಕೊಬ್ಬು. ಪಶ್ಚಿಮದ ಅಡುಗೆಯವರು ಕುದಿಸಿ ಇಂಗಿಸುವುದು ಶೇಕಡಾ 36ಕ್ಕಿಂತ ಹೆಚ್ಚು ಕೊಬ್ಬಿನ ಗಟ್ಟಿ ಕೆನೆಯನ್ನು. ಹುಳಿ ಮತ್ತು ಶಾಖವನ್ನು ಅದು ತಡೆಯುತ್ತದೆ, ನಮ್ಮದು ತಡೆಯುವುದಿಲ್ಲ. ಅವರ ಪಾಕವಿಧಾನವನ್ನು ನಮ್ಮ ಡಬ್ಬಿಗೆ ಹಾಗೇ ಹೊಂದಿಸಹೊರಟರೆ ಒಡೆಯದೆ ಇನ್ನೇನು? ಉಪಾಯ ಮಾತ್ರ ಮನೆಯಲ್ಲೇ ಇತ್ತು. ಮಜ್ಜಿಗೆ ಹುಳಿಗೆ ನೆನೆಸಿದ ಕಡಲೆಬೇಳೆ, ಕಾಯಿ ಅರೆದು ಹಾಕುವುದು, ಮಜ್ಜಿಗೆ ಬಿದ್ದ ಮೇಲೆ ಉರಿ ಸಣ್ಣ ಮಾಡಿ ಮೊದಲ ಕುದಿಗೇ ಇಳಿಸುವುದು, ಇವೆಲ್ಲ ಒಡೆಯದಿರಲಿ ಎಂದೇ ಮಾಡುವ ಕೆಲಸ. ಕರಾವಳಿಯಲ್ಲಿ ಗಟ್ಟಿ ಕಾಯಿಹಾಲನ್ನು ಕೊನೆಗೆ ಹಾಕಿ ಹೆಚ್ಚು ಕುದಿಸದೆ ಇಳಿಸುವುದೂ ಅದೇ ಜಾಣತನ. ಈಗ ಕೋಳಿ ಪೂರ್ತಿ ಬೆಂದ ಮೇಲೆ, ಉರಿ ತೀರ ಸಣ್ಣದು ಮಾಡಿ, ಬಿಸಿ ರಸದ ಒಂದು ಸೌಟನ್ನು ಕೆನೆಗೆ ಬೆರೆಸಿ ಆಮೇಲೆ ಬಾಣಲೆಗೆ ಹಾಕುತ್ತೇನೆ. ಮತ್ತೆ ಒಡೆದಿಲ್ಲ.

ರುಚಿಯ ಮಟ್ಟಿಗೆ ಒಂದೇ ಬಾಣಲೆ ಗೆದ್ದಿತು. ಶ್ರಮದ ಮಟ್ಟಿಗೆ?

ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ‘ಮೋರ್ ವರ್ಕ್ ಫಾರ್ ಮದರ್’ ಎಂಬ ಪುಸ್ತಕ ಬರೆದರು. ಅವರು ಹೇಳುವಂತೆ, ತೆರೆದ ಬೆಂಕಿಗೂಡಿನ ಕಾಲದಲ್ಲಿ ಅಲ್ಲಿನ ಸಾಮಾನ್ಯರ ಊಟವೆಂದರೆ ಒಂದೇ ಮಡಕೆಯಲ್ಲಿ ಬೇಯುವ ಮಾಂಸ, ತರಕಾರಿಗಳ ಗಂಜಿಯಂಥ ಅಡುಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಎರಕದ ಕಬ್ಬಿಣದ ಒಲೆ ಬಂತು. ಸೌದೆಯ ಖರ್ಚು ತಗ್ಗಿತು. ಸೌದೆ ಕಡಿದು ಹೊರುತ್ತಿದ್ದ ಗಂಡಸಿನ ಕೆಲಸ ಹಗುರವಾಯಿತು. ಆದರೆ ಅದೇ ಒಲೆಯ ಮೇಲೆ ಬೇಯಿಸುವುದು, ಕುದಿಸುವುದು, ಒಳಗೆ ಸುಡುವುದು ಎಲ್ಲವನ್ನೂ ಒಟ್ಟಿಗೆ ಮಾಡಬಹುದಾದ್ದರಿಂದ ಊಟಕ್ಕೆ ಮೂರು ನಾಲ್ಕು ಬಗೆ ಬೇಕೆನಿಸಿ ಹೆಂಗಸಿನ ಕೆಲಸ ಬೆಳೆಯಿತು. ಉಪಕರಣ ಉಳಿಸಿದ ಸಮಯವನ್ನು ಊಟದ ನಿರೀಕ್ಷೆ ತಿಂದುಹಾಕಿತು.

ಇದು ನಮಗೆ ಅನ್ವಯಿಸದು ಎನ್ನುವವರು ಪ್ರೆಷರ್ ಕುಕ್ಕರನ್ನು ನೆನೆಯಲಿ. ಅದು ನಮ್ಮ ಮನೆಗಳಿಗೆ ಬರುವ ಮೊದಲೇ, 1910ರ ಸುಮಾರಿಗೆ, ಕಲ್ಕತ್ತೆಯಲ್ಲಿ ಇಂದುಮಾಧವ ಮಲ್ಲಿಕ್ ‘ಇಕ್ಮಿಕ್ ಕುಕ್ಕರ್’ ಮಾಡಿದ್ದರು: ಊಟದ ಕ್ಯಾರಿಯರಿನಂತೆ ಒಂದರ ಮೇಲೊಂದು ಡಬ್ಬಿ, ಅಡಿಯಲ್ಲಿ ಇದ್ದಿಲು, ಅನ್ನ, ಬೇಳೆ, ಮಾಂಸ ಎಲ್ಲವೂ ಒಂದೇ ಹಬೆಯಲ್ಲಿ. ನಮ್ಮ ಮನೆಗಳ ಕುಕ್ಕರಿನೊಳಗಿನ ಮೂರು ಡಬ್ಬಿಗಳದೂ ಇದೇ ತತ್ತ್ವ. ಮೂರು ಕೂಗಿಗೆ ಅನ್ನ, ಬೇಳೆ, ತರಕಾರಿ ಬೆಂದವು. ಆಮೇಲೆ ಅಡುಗೆಮನೆಯಲ್ಲಿದ್ದವರು ಹೊರಗೆ ಬಂದು ಕೂತರೇ? ಇಲ್ಲ. ಬೇಳೆ ಬೇಗ ಬೆಂದಿತಲ್ಲ, ಹುಳಿಯ ಜೊತೆಗೊಂದು ತಿಳಿಸಾರು, ಒಂದು ಪಲ್ಯ, ನಾಲ್ಕು ಹಪ್ಪಳ. ಬಿಸಿಬೇಳೆಬಾತ್ ಒಂದೇ ಪಾತ್ರೆಯ ಅಡುಗೆಯಂತೆ. ಅದರ ಪುಡಿ ಹುರಿದ ಬಾಣಲೆ, ಮಿಕ್ಸಿ ಜಾರು, ಪಕ್ಕದ ರಾಯತ, ಮೇಲಿನ ಖಾರಾಬೂಂದಿಯನ್ನು ಯಾರೂ ಎಣಿಸುವುದಿಲ್ಲ.

ಅಂದು ರಾತ್ರಿ ನಮ್ಮ ಮನೆಯಲ್ಲೂ ಆದದ್ದು ಇದೇ. ಕೋಳಿ ಚೆನ್ನಾಗಿದೆ ಎಂದು ಅಮ್ಮ ಎರಡನೆಯ ಸಲ ಹಾಕಿಸಿಕೊಂಡರು. ಆಮೇಲೆ ತಟ್ಟೆ ನೋಡುತ್ತ, “ಇಷ್ಟೇನಾ? ಮೊಸರಿಗೆ ಅನ್ನ ಇಟ್ಟಿದ್ದೀಯ ತಾನೆ?” ಎಂದರು. ಇಟ್ಟಿದ್ದೆ, ಆ ಕುಕ್ಕರೇ ಅಕ್ಕನ ಪಟ್ಟಿಯಲ್ಲಿ ಸೇರಿದ್ದು. ಬಾಣಲೆ ಒಂದಾದರೆ ಸಾಲದು, ಊಟವೂ ಒಂದೇ ಆಗಲು ಒಪ್ಪಬೇಕು. ಒಪ್ಪದಿದ್ದರೆ ಕೆನೆಯ ಕೋಳಿ ದಿನದ ಅಡುಗೆಯ ಮೇಲೆ ಇನ್ನೊಂದು ಪದಾರ್ಥ, ಇನ್ನೊಂದು ಪಾತ್ರೆ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ನಮ್ಮ ಊಟದ ಬಗೆಬಗೆ ಬರೀ ಚಪಲವಲ್ಲ. ಒಬ್ಬರು ಮಾಂಸ ತಿನ್ನುವುದಿಲ್ಲ, ಒಬ್ಬರಿಗೆ ಸಕ್ಕರೆ ಕಾಯಿಲೆ, ಮಗುವಿಗೆ ಖಾರ ಆಗದು. ಒಂದೇ ಬಾಣಲೆ ಎಲ್ಲರನ್ನೂ ಸಲಹಲಾರದು. ಕೂಡುಮನೆಯಲ್ಲಿ ಇದು ನಿಜ, ನಾನು ವಾದಿಸುವುದಿಲ್ಲ. ಆದರೆ ಈ ಎಲ್ಲರ ಬೇಕುಬೇಡಗಳನ್ನು ಹೊರುವ ಕೈ ಯಾವುದು ಎಂದು ಕೇಳಲೇಬೇಕು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಿದ್ದರು, ಗಂಡಸರು 97. ತೊಡಗಿದವರ ಸಂಖ್ಯೆಯೇ ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ 26. ಶನಿವಾರ ರಾತ್ರಿ ಬಾಣಲೆ ಹಿಡಿದು ಫೋಟೊ ತೆಗೆಸಿಕೊಳ್ಳುವ ನನ್ನಂಥವನೂ ಆ 26ರಲ್ಲಿ ಸೇರಿಕೊಂಡುಬಿಡುತ್ತಾನೆ, ಅದು ಬೇರೆ ಮಾತು.

ಅಕ್ಕನ ಎಣಿಕೆಯ ನಂತರ ಕೆಲವು ಕಲಿತೆ. ಮೊದಲು ಈರುಳ್ಳಿ ಹೆಚ್ಚಿ ಆಮೇಲೆ ಕೋಳಿ ಕಡಿದರೆ ಒಂದೇ ಮಣೆ, ಒಂದೇ ಚಾಕು ಸಾಕು. ಹಸಿ ಕೋಳಿ ತಾಗಿದ್ದನ್ನು ಸೋಪು ಹಾಕಿ ತೊಳೆಯುವುದನ್ನು ಮಾತ್ರ ಯಾವ ಜಾಣತನವೂ ತಪ್ಪಿಸದು. ಹುರಿದ ತುಂಡು ಇಡಲು ಬಾಣಲೆಯ ಮುಚ್ಚಳವನ್ನೇ ಮಗುಚಿ ಇಡುತ್ತೇನೆ. ಹೇಗಿದ್ದರೂ ಅದೇ ಮುಚ್ಚಳದಡಿ ಅವು ಇನ್ನು ಇಪ್ಪತ್ತು ನಿಮಿಷ ಬೇಯಬೇಕು. ಅನ್ನದ ಬದಲು ಅಂಗಡಿಯ ಪಾವ್ ಅದ್ದಿ ತಿನ್ನುತ್ತೇವೆ. ಅಮ್ಮ ಈಗಲೂ ಗೊಣಗುತ್ತಾರೆ, ಮೊಸರನ್ನು ಲೋಟಕ್ಕೆ ಹಾಕಿಕೊಂಡು ಕುಡಿಯುತ್ತಾರೆ. ಸಿಂಕಿನಲ್ಲಿ ಬಾಣಲೆಯೂ ಸೇರಿ ಹನ್ನೊಂದು ಇದ್ದದ್ದು ಆರಕ್ಕೆ ಇಳಿದಿದೆ.

ಅಡುಗೆ ಬರೆಯುವವರಲ್ಲಿ, ಮಾಡಿ ತೋರಿಸುವವರಲ್ಲಿ ಒಂದು ಕೋರಿಕೆ. ‘ತಯಾರಿ 10 ನಿಮಿಷ, ಬೇಯಿಸಲು 30 ನಿಮಿಷ’ ಎಂದು ಬರೆಯುತ್ತೀರಲ್ಲ, ಅದರ ಕೆಳಗೆ ತೊಳೆಯಲು ಎಷ್ಟು ನಿಮಿಷ ಎಂಬುದನ್ನೂ ಬರೆಯಿರಿ. ಬರೆಯುವ ಮುಂಚೆ ಒಂದು ಸಲ ನೀವೇ ತೊಳೆದು ನೋಡಿ.