ಸರ್ವರ್ ಇಲ್ಲಂದ್ರ ಹೊಲ ಎಲ್ಲಿ ಹೋತು?

ಮೊನ್ನೆ ಪಹಣಿ ತೆಗೆಸಲು ಸಾಲಿನಲ್ಲಿ ನಿಂತಿದ್ದೆ. ‘ಸರ್ವರ್ ಇಲ್ರಿ, ನಾಳೆ ಬರ್ರಿ’ ಎಂದರು. ಬೆಳೆಸಾಲಕ್ಕೆ ಅಂದೇ ಪಹಣಿ ಕೊಡಬೇಕಿದ್ದ ಅಜ್ಜನೊಬ್ಬ ತಲೆ ಮೇಲೆ ಕೈ ಹೊತ್ತು ಕುಳಿತ. ಮೊಮ್ಮಗಳು ಕೇಳಿದಳು: ‘ಮುತ್ಯಾ, ನಮ್ಮ ಹೊಲದ ಲೆಕ್ಕಾನೂ ಹೋತೇನು?’

ಹೋಗಿಲ್ಲ. ಯಾಕೆಂದು ನೀವೂ ಕೇಳಿ, ಮಕ್ಕಳೇ.

2000ದ ಸುಮಾರಿಗೆ ‘ಭೂಮಿ’ ಯೋಜನೆಯಿಂದ ಕೈಬರಹದ ಪಹಣಿಗಳು ಕಂಪ್ಯೂಟರ್ ಸೇರಿದವು. ಆಗ ಇಂಡಿಯ ಪಹಣಿ ಇಂಡಿಯಲ್ಲಿ, ಸಿಂದಗಿಯದು ಸಿಂದಗಿಯಲ್ಲಿ. ಮುದ್ದೇಬಿಹಾಳ, ಬಸವನಬಾಗೇವಾಡಿಯವೂ ಅಲ್ಲಲ್ಲೇ. ಈಗ ಅವೆಲ್ಲ ಬೆಂಗಳೂರಿನ ರಾಜ್ಯ ಡೇಟಾ ಕೇಂದ್ರಕ್ಕೆ ಜೋಡಣೆಯಾಗಿವೆ.

ದೊಡ್ಡ ಕೇಂದ್ರಗಳಲ್ಲಿ ಹಲವು ಸರ್ವರ್‌ಗಳನ್ನು ಕೂಡಿಸಿ ಕ್ಲೌಡ್ ಕಟ್ಟುತ್ತಾರೆ. ದುಡ್ಡು ಕೊಟ್ಟು ಯಾರು ಬೇಕಾದರೂ ಉಣ್ಣುವ ಖಾನಾವಳಿ ಇದ್ದಂತೆ ಸಾರ್ವಜನಿಕ ಕ್ಲೌಡ್. ನಮ್ಮ ಮನೆಯ ಮದುವೆಗೆ ನಾವೇ ಹೂಡಿದ ಒಲೆ ಇದ್ದಂತೆ ಖಾಸಗಿ ಕ್ಲೌಡ್.

ಮದುವೆ ಮನೆಯಲ್ಲಿ ಎಲ್ಲರೂ ರೊಟ್ಟಿ ಬಡಿಯುವುದಿಲ್ಲ. ಇಲ್ಲಿಯೂ ಹಾಗೆಯೇ. ಪ್ರತಿ ಸರ್ವರ್ ಒಂದು ‘ನೋಡ್’, ಒಂದೊಂದಕ್ಕೆ ಒಂದೊಂದು ಕೆಲಸ. ಯಾರು ಏನು ಮಾಡಬೇಕೆಂದು ಹೇಳುವ ದೊಡ್ಡವ್ವನೇ ಕಂಟ್ರೋಲರ್ ನೋಡ್. ಒಲೆ ಮುಂದೆ ರೊಟ್ಟಿ ಬಡಿಯುವವರು ಕಂಪ್ಯೂಟ್ ನೋಡ್‌ಗಳು. ಲೆಕ್ಕ ಮಾಡುವ ದುಡಿಮೆ ಇವರದು. ಉಗ್ರಾಣ ಕಾಯುವವರು ಸ್ಟೋರೇಜ್ ನೋಡ್‌ಗಳು. ಒಳಗಿನದನ್ನು ಪಂಕ್ತಿಗೆ ತಂದು ಬಡಿಸುವವರು ನೆಟ್‌ವರ್ಕ್ ನೋಡ್‌ಗಳು.

ದೊಡ್ಡವ್ವನಿಗೆ ಜ್ವರ ಬಂದರೆ? ಒಲೆ ಮೇಲಿರುವ ರೊಟ್ಟಿ ಬೇಯುತ್ತಲೇ ಇರುತ್ತದೆ. ಹೊಸ ಕೆಲಸ ಹಚ್ಚುವವರು ಮಾತ್ರ ಇರುವುದಿಲ್ಲ. ಅದಕ್ಕೇ ಮುಖ್ಯ ಕ್ಲೌಡ್‌ಗಳಲ್ಲಿ ಸಾಮಾನ್ಯವಾಗಿ ಮೂರು ಕಂಟ್ರೋಲರ್ ಇಡುತ್ತಾರೆ. ಎರಡೇ ಇದ್ದು ನಡುವಿನ ಸಂಪರ್ಕ ಕಡಿದರೆ ‘ನಾನೇ ಯಜಮಾನಿ’ ಎಂದು ಎರಡೂ ಹಟ ಹಿಡಿಯಬಹುದು. ಮೂರಿದ್ದರೆ ಇಬ್ಬರ ಮಾತು ನಡೆಯುತ್ತದೆ. ಉಗ್ರಾಣದಲ್ಲಿಯೂ ಅಷ್ಟೇ: ಒಂದೇ ಕಡತದ ಮೂರು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಡುವ ಪದ್ಧತಿ ಇದೆ. ಒಂದು ಕೆಟ್ಟರೂ ಎರಡು ಉಳಿಯುತ್ತವೆ.

ಹಾಗಾದರೆ ‘ಸರ್ವರ್ ಇಲ್ಲ’ ಎಂದರೇನು? ಬಹಳ ಸಲ ಬಡಿಸುವವರ ದಾರಿ ಕಟ್ಟಾಗಿರುತ್ತದೆ. ಕೇಂದ್ರದಿಂದ ನಮ್ಮೂರಿಗೆ ಬರುವ ತಂತಿಯೇ ಕಡಿದಿರಬಹುದು. ಕೆಲವೊಮ್ಮೆ ಉಣ್ಣುವವರು ಹೆಚ್ಚಾಗಿ, ರೊಟ್ಟಿ ಬಡಿಯುವ ಕೈ ಸಾಲದೆ ಹೋಗಿರುತ್ತದೆ. ಉಗ್ರಾಣ ಮಾತ್ರ ಅಲ್ಲೇ ಇರುತ್ತದೆ. ಆದರೂ ಅಜ್ಜನ ಒಂದು ದಿನದ ಕೂಲಿ ಹೋಯಿತಲ್ಲ! ನಾಲ್ಕು ಊರಿನ ಬುತ್ತಿ ಒಂದೇ ಕಡೆ ಕಟ್ಟುವವರು ದಾರಿಯನ್ನೂ ಎರಡು ಮಾಡಿಡಬೇಕು.

ಇಷ್ಟು ಹೇಳಿದ ಮೇಲೆ ಹುಡುಗಿ ಮುತ್ಯಾನ ಕೈ ಹಿಡಿದೆಬ್ಬಿಸಿದಳು: ‘ಏಳು ಮುತ್ಯಾ, ಹೊಲ ಎಲ್ಲೂ ಹೋಗಿಲ್ಲ. ನಾಳೆ ಪಹಣಿ ಸಿಕ್ಕರ ಎರಡು ಪ್ರತಿ ತಗೊಳ್ಳೋಣು. ಒಂದು ನಮ್ಮ ಟ್ರಂಕಿನ್ಯಾಗ ಇರಲಿ.’