ದಾರಿಹೋಕನೂ ಸತ್ರದವನೂ

ಪರರ ಕಷ್ಟವನ್ನು ಕಂಡು ಮನಸ್ಸು ಕರಗುವುದು ಸಹಜವಾದುದು. ಕರಗಿದ ಮನಸ್ಸು ಯಾವ ಮಾರ್ಗವಾಗಿ ಕೈಗಿಳಿದು ಕೆಲಸವಾಗಬೇಕೆಂಬುದು ಮಾತ್ರ ಆಲೋಚಿಸತಕ್ಕ ವಿಷಯವು. ಔರಾದ ತಾಲೂಕಿನ ತಾಯಿಯೊಬ್ಬರು ಬರೆದಿರುವ ಪತ್ರವು ಈ ವಿಷಯವನ್ನೇ ಕುರಿತದ್ದು. ಅವರ ಮಗಳು ಬೀದರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಪರದೇಶಗಳಲ್ಲಿ ಭೂಕಂಪ, ಚಂಡಮಾರುತ, ಪ್ರವಾಹಗಳು ಒದಗಿದಾಗ ಸ್ವಯಂಸೇವಕರನ್ನು ಕಳುಹಿಸುವ ಕ್ರೈಸ್ತ ಸಂಸ್ಥೆಯೊಂದಕ್ಕೆ ಹೆಸರು ಕೊಡಬೇಕೆಂದು ಆಕೆಯ ಹಟ. ತಾಯಿಯವರ ಪ್ರಶ್ನೆಗಳು ಮೂರು. ನಮ್ಮ ಮನೆತನದ ಧರ್ಮ ಬೇರೆ, ಸಂಸ್ಥೆಯ ಧರ್ಮ ಬೇರೆ; ತೊಡಕು ಬಾರದೆ? ನಮ್ಮ ಊರಿನಲ್ಲಿಯೇ ಬೇಕಾದಷ್ಟು ದುಃಖವಿರುವಾಗ ಸಮುದ್ರ ದಾಟುವುದೇಕೆ? ಒಬ್ಬಳೇ ಹುಡುಗಿಯನ್ನು ಅಷ್ಟು ದೂರ ಕಳುಹಿಸುವುದು ಹೇಗೆ? ಇವು ಹಲವು ಮನೆಗಳ ಪ್ರಶ್ನೆಗಳಾದುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತೇನೆ.

ತಾಯೀ, ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ. 1993ನೆಯ ಇಸವಿ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ, ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತಲಿನ ಭೂಮಿ ನಡುಗಿತು. ಭಾಲ್ಕಿಗೂ ಕಿಲ್ಲಾರಿಗೂ ನೇರವಾಗಿ ಅಳೆದರೆ ಸುಮಾರು 65 ಕಿಲೋಮೀಟರುಗಳ ಅಂತರ. ಗಣೇಶ ವಿಸರ್ಜನೆಯನ್ನು ಮುಗಿಸಿ ಜನರು ತಡವಾಗಿ ಮಲಗಿದ್ದ ರಾತ್ರಿಯದು. ದಪ್ಪ ಕಲ್ಲಿನ ಗೋಡೆ, ಕಲ್ಲುಗಳ ನಡುವೆ ಬರಿಯ ಮಣ್ಣು, ಮೇಲೆ ಮಣ್ಣು ಹೇರಿದ ಮಾಳಿಗೆ. ಬೇಸಿಗೆಯಲ್ಲಿ ತಂಪು ಕೊಡುತ್ತಿದ್ದ ಆ ಮನೆಗಳೇ ಮಲಗಿದ್ದವರ ಮೇಲೆ ಕುಸಿದವು. ಲಾತೂರ, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸತ್ತವರ ಸಂಖ್ಯೆ ಹತ್ತು ಸಾವಿರದ ಹತ್ತಿರ ಹೋಯಿತು. ನಮ್ಮ ಸೀಮೆಯಲ್ಲಿಯೂ ಜನರು ಎದ್ದು ಅಂಗಳಕ್ಕೆ ಓಡಿದರು. ಆಗ ಭಾಲ್ಕಿಯ ಸಮೀಪದ ಹಳ್ಳಿಯಲ್ಲಿ ಹೊಸದಾಗಿ ಉಪಾಧ್ಯಾಯನಾಗಿದ್ದ ನಾನು, ಮಕ್ಕಳು ಶಾಲೆಯ ಸೂರಿನ ಕೆಳಗೆ ಕೂಡಲು ಅಂಜಿದ್ದರಿಂದ, ಎಷ್ಟೋ ದಿನ ಬೇವಿನ ಮರದ ನೆರಳಿನಲ್ಲಿಯೇ ಪಾಠ ಹೇಳಿದೆನು.

ಸಂಸ್ಕೃತದಲ್ಲಿ ದಯೆಗೆ ಅನುಕಂಪೆಯೆಂದು ಒಂದು ಹೆಸರುಂಟು. ಒಬ್ಬನು ನಡುಗಿದರೆ ಅವನೊಡನೆ ತಾನೂ ನಡುಗುವುದೆಂದು ಅದರ ಭಾವ. ಭೂಮಿಯ ನಡುಕವು ಕೆಲವು ಹರದಾರಿ ದೂರ ಹೋಗಿ ನಿಂತಿತು. ಮನಸ್ಸಿನ ನಡುಕವು ಸಮುದ್ರವನ್ನೂ ದಾಟಿತು. ಬೇರೆ ಬೇರೆ ದೇಶಗಳ ಜನರು ಹಣವನ್ನೂ ವಸ್ತುಗಳನ್ನೂ ಕಳುಹಿಸಿದರು. ಭಾರತದ ಚರ್ಚುಗಳು ಕೂಡಿ, ದೇಶವಿಭಜನೆಯ ನಿರಾಶ್ರಿತರಿಗಾಗಿ 1947ರಲ್ಲಿ ಕಟ್ಟಿದ ಕಾಸಾ ಎಂಬ ಸಂಸ್ಥೆಯೂ ಲಾತೂರಿನ ಕೆಲಸದಲ್ಲಿ ಕೈಗೂಡಿಸಿತು. ನಮ್ಮ ಬೀದರಿನ ಕಥೆಯೂ ಇಂತಹದೇ. ನಿಜಾಮರ ಆಳಿಕೆಯ ಕಾಲದಲ್ಲಿ ಅಮೇರಿಕದ ಮೆಥೊಡಿಸ್ಟ್ ಮಿಶನ್ನಿನವರು ಇಲ್ಲಿಗೆ ಬಂದು ಆಸ್ಪತ್ರೆಯನ್ನು ನಡೆಯಿಸಿದರು. ತಮ್ಮ ಊರಿನಲ್ಲಿಯೂ ರೋಗಿಗಳಿದ್ದಾರೆಂದು ಅವರು ಅಲ್ಲಿಯೇ ಕುಳಿತಿದ್ದರೆ? ಪಡೆದ ಊರು ಒಂದು ದಿನ ಕೊಡುವ ಊರೂ ಆಗಬೇಕಲ್ಲವೆ?

ಇನ್ನು ಧರ್ಮದ ಪ್ರಶ್ನೆ. ಭಾಗವತದ ರಂತಿದೇವನು ನಾಲ್ವತ್ತೆಂಟು ದಿನ ಉಪವಾಸವಿದ್ದು, ಕಡೆಗೆ ದೊರೆತ ಅನ್ನವನ್ನು ಬಂದ ಬಂದವರಿಗೆಲ್ಲ ಕೊಟ್ಟು, ಉಳಿದ ನೀರನ್ನೂ ಸಮಾಜವು ದೂರವಿಟ್ಟಿದ್ದ ಬಾಯಾರಿದವನಿಗೆ ಎರೆದನು. ಬೈಬಲಿನಲ್ಲಿ ಯೇಸುವು ಹೇಳಿದ ಕಥೆಯೂ ಇದಕ್ಕೆ ಸೋದರಿಯಂತಿದೆ. ಯೆರಿಕೋವಿನ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಸ್ವಜನರೇ ಕಂಡೂ ಕಾಣದಂತೆ ಹೋದರು. ಅವರು ಹೀನಾಯವಾಗಿ ಕಾಣುತ್ತಿದ್ದ ಸಮಾರ್ಯದವನೊಬ್ಬನು ಮಾತ್ರ ನಿಂತು ಗಾಯ ಕಟ್ಟಿದನು. ಬಿದ್ದವನ ಜಾತಿಮತಗಳನ್ನು ಅವನು ಕೇಳಲಿಲ್ಲ. ನಮ್ಮ ಕಲ್ಯಾಣದ ಶರಣರು ಕಲಿಸಿದ ದಾಸೋಹದಲ್ಲಿಯೂ, ಬೀದರಿನ ಗುರುನಾನಕ ಝೀರಾದ ಲಂಗರಿನಲ್ಲಿಯೂ ನಾವು ಕಾಣುವುದು ಈ ನೀತಿಯನ್ನೇ.

ಆದರೂ ಒಳ್ಳೆಯ ಕಥೆಯಿದ್ದ ಮಾತ್ರಕ್ಕೆ ಸಂಸ್ಥೆಗಳೆಲ್ಲವೂ ಒಳ್ಳೆಯವೆಂದು ನಂಬಬೇಕಾದುದಿಲ್ಲ. ತಾಯಿಯವರ ಶಂಕೆಯು ಅಕಾರಣವಾದುದಲ್ಲ. ಹಸಿದವನ ಅಸಹಾಯತೆಯನ್ನು ಮತಪ್ರಚಾರಕ್ಕೆ ಉಪಯೋಗಿಸಿಕೊಳ್ಳುವುದು ಯಾರು ಮಾಡಿದರೂ ತಪ್ಪೇ. ಇದನ್ನು ಅರಿತು 1994ರಲ್ಲಿ ರೆಡ್‌ಕ್ರಾಸಿನವರೂ ಇತರ ದೊಡ್ಡ ಪರಿಹಾರ ಸಂಸ್ಥೆಗಳವರೂ ಕೂಡಿ ಹತ್ತು ನಿಯಮಗಳ ನಡತೆಯ ಸಂಹಿತೆಯೊಂದನ್ನು ಪ್ರಕಟಿಸಿದರು. ಕೆಥೊಲಿಕರ ಕಾರಿತಾಸ್, ಲೂಥರನ್ ಚರ್ಚುಗಳ ಒಕ್ಕೂಟ, ಜಾಗತಿಕ ಚರ್ಚು ಮಂಡಳಿ ಮೊದಲಾದವೂ ಅದರಲ್ಲಿ ಸೇರಿದ್ದವು. ಕುಲ, ಮತ, ದೇಶಗಳ ಭೇದವಿಲ್ಲದೆ ನೆರವು ಸಲ್ಲಬೇಕು; ಯಾವ ಮತದ ಅಥವಾ ರಾಜಕೀಯ ಪಕ್ಷದ ಪ್ರಚಾರಕ್ಕೂ ನೆರವನ್ನು ಸಾಧನವಾಗಿಸಬಾರದು; ಸ್ಥಳೀಯರ ಸಂಪ್ರದಾಯವನ್ನು ಗೌರವಿಸಬೇಕು; ಅವರ ಶಕ್ತಿಯ ಮೇಲೆಯೇ ಕೆಲಸವನ್ನು ಕಟ್ಟಬೇಕು ಎಂಬವು ಅದರ ನಿಯಮಗಳಲ್ಲಿ ಕೆಲವು. ನಿಮ್ಮ ಮಗಳು ಹೆಸರು ಕೊಡುವ ಮೊದಲು ಸಂಸ್ಥೆಯವರನ್ನು ಕೇಳಲಿ: ನೀವು ಈ ಸಂಹಿತೆಗೆ ಒಪ್ಪಿರುವಿರೋ? ಪ್ರಾರ್ಥನೆಗೆ ಬಾರದ ಸೇವಕಿಗೂ, ಮತಕ್ಕೆ ಸೇರದ ರೋಗಿಗೂ ನಿಮ್ಮಲ್ಲಿ ಸಮಾನ ಸ್ಥಾನವುಂಟೋ? ಸ್ಪಷ್ಟವಾದ ಉತ್ತರ ಬಾರದಿದ್ದರೆ ಅಲ್ಲಿಗೇ ನಿಲ್ಲಲಿ.

ಸಮಾರ್ಯದವನ ಕಥೆಯಲ್ಲಿ ಜನರು ಸಾಮಾನ್ಯವಾಗಿ ಮರೆಯುವ ಪಾತ್ರವೊಂದಿದೆ, ಅವನು ಸತ್ರದವನು. ದಾರಿಹೋಕನು ಗಾಯಾಳುವನ್ನು ಸತ್ರಕ್ಕೆ ತಂದು, ರಾತ್ರಿ ಆರೈಕೆಮಾಡಿ, ಮರುದಿನ ಎರಡು ನಾಣ್ಯಗಳನ್ನು ಸತ್ರದವನ ಕೈಯಲ್ಲಿಟ್ಟು, ಹೆಚ್ಚಿಗೆ ಖರ್ಚಾದುದನ್ನು ಮರಳಿ ಬಂದಾಗ ತೀರಿಸುವೆನೆಂದು ಹೇಳಿ ಹೊರಟುಹೋದನು. ದೂರದಿಂದ ಬಂದವನು ಎಂದಿಗೂ ದಾರಿಹೋಕನೇ. ಅವನು ಹೋದ ಮೇಲೆ ಗಾಯ ತೊಳೆಯುವವನು ಅಲ್ಲಿಯವನೇ ಆಗಿರಬೇಕು. ಪರದೇಶದ ಸೇವೆಯ ಹಿರಿಮೆಯೆಲ್ಲ ಸತ್ರದವನನ್ನು ಗುರುತಿಸುವುದರಲ್ಲಿಯೇ ಇದೆಯೆಂದು ನನ್ನ ನಂಬಿಕೆ.

ಸತ್ರದವನನ್ನು ಕೇಳದೆ ಮಾಡಿದ ಉಪಕಾರವು ಹೇಗಾಗುತ್ತದೆಂಬುದಕ್ಕೆ ಲಾತೂರೇ ಸಾಕ್ಷಿ. ಅಲ್ಲಿ ಹಲವು ಊರುಗಳನ್ನು ಹೊಸ ಜಾಗದಲ್ಲಿ, ಪಟ್ಟಣದ ಬಡಾವಣೆಗಳಂತೆ ನೇರವಾದ ಅಗಲ ಬೀದಿಗಳಲ್ಲಿ ಕಟ್ಟಿದರು. ಮನೆಗಳು ಗಟ್ಟಿಯಾಗಿದ್ದವು, ನಿಜ. ಆದರೆ ಅಣ್ಣತಮ್ಮಂದಿರ ಮನೆಗಳು ಒಂದೇ ಓಣಿಯಲ್ಲಿರುವ ಹಳೆಯ ಕಟ್ಟು ಒಡೆಯಿತು. ದನಕರು, ಮೇವು, ಬೇಸಾಯದ ಸಾಮಾನುಗಳಿಗೆ ಸರಿಯಾದ ಜಾಗ ಸಿಕ್ಕದೆ ರೈತರು ತೊಂದರೆಪಟ್ಟರು. 2004ನೆಯ ಡಿಸೆಂಬರ್ 26ರ ಸುನಾಮಿಯ ತರುವಾಯ ತಮಿಳುನಾಡಿನ ನಾಗಪಟ್ಟಣದಲ್ಲಿ ದಾನಿಗಳು ಕಳುಹಿಸಿದ ಹಳೆಯ ಬಟ್ಟೆಗಳು ರಸ್ತೆಯ ಬದಿಯಲ್ಲಿ ರಾಶಿಬಿದ್ದವು. ಕೊಟ್ಟವರಿಗೆ ಮನಸ್ಸಿತ್ತು, ಕೇಳುವ ತಾಳ್ಮೆಯಿರಲಿಲ್ಲ.

ಮೂರನೆಯ ಪ್ರಶ್ನೆಗೆ ಉತ್ತರವು ವ್ಯವಹಾರದ್ದು. ಕಟ್ಟಡವು ಬಿದ್ದಾಗ ಮೊದಲ ಗಳಿಗೆಗಳಲ್ಲಿ ಜೀವ ಉಳಿಸುವವರು ನೆರೆಹೊರೆಯವರೇ. ವಿಮಾನದಲ್ಲಿ ಬರುವವರು ತಡವಾಗಿಯೇ ಬರುತ್ತಾರೆ. ಆದುದರಿಂದ ಬರಿಯ ಉತ್ಸಾಹವನ್ನು ಹೊತ್ತುಕೊಂಡು ಹೋಗುವವನು ಅಲ್ಲಿ ಅನ್ನನೀರಿಗೆ ಇನ್ನೊಬ್ಬ ಪಾಲುಗಾರನಾಗುವನು. ನಿಮ್ಮ ಮಗಳಿಗೆ ಶುಶ್ರೂಷೆಯ ವಿದ್ಯೆಯಿದೆ. ಅದೇ ಆಕೆಯ ಅಧಿಕಾರಪತ್ರ. ಪ್ರಯಾಣ, ಊಟ, ವಸತಿ, ವಿಮೆಗಳ ವೆಚ್ಚ ಯಾರದು? ಅಲ್ಲಿ ಆಕೆ ಯಾರ ಅಧೀನದಲ್ಲಿ ಕೆಲಸಮಾಡುವಳು? ಎಷ್ಟು ದಿನ? ಜೊತೆಯಲ್ಲಿ ಬೇರೆ ಹೆಣ್ಣುಮಕ್ಕಳಿರುವರೋ? ಅಪಾಯ ಕಂಡರೆ ಹಿಂದಕ್ಕೆ ಕರೆತರುವವರು ಯಾರು? ಆ ದೇಶದವರು ಈ ಕೆಲಸಕ್ಕೆ ಅನುಮತಿ ಕೊಟ್ಟಿರುವರೋ? ಇವೆಲ್ಲವನ್ನೂ ಬರಹದಲ್ಲಿ ತರಿಸಿಕೊಳ್ಳಿರಿ. ಒಂದು ಪ್ರತಿ ನಿಮ್ಮ ಪೆಟ್ಟಿಗೆಯಲ್ಲಿರಲಿ. ಬೇಕಾದ ಲಸಿಕೆಗಳನ್ನು ಮುಂಚಿತವಾಗಿಯೇ ಹಾಕಿಸಿಕೊಳ್ಳಲಿ. ಬೀದರಿನ ಆಸ್ಪತ್ರೆಯವರ ರಜೆಯ ಒಪ್ಪಿಗೆಯನ್ನೂ ಪಡೆದಿರಲಿ. ಒಂದು ಕಡೆಯ ರೋಗಿಗಳನ್ನು ಕೈಬಿಟ್ಟು ಇನ್ನೊಂದು ಕಡೆಯವರಿಗೆ ಸೇವೆಮಾಡುವುದು ಧರ್ಮವಲ್ಲ. ಹೋದ ಮೇಲೆ ಅಳುವವರ ಚಿತ್ರಗಳನ್ನು ಹಿಡಿದು ಊರಿಗೆ ಕಳುಹಿಸದಿರಲಿ. ದುಃಖಿತರ ಮಾನವು ಅವರ ಸೊತ್ತು.

ಈ ಪ್ರಶ್ನೆಗಳಿಗೆಲ್ಲ ಸಮಾಧಾನಕರವಾದ ಉತ್ತರ ಬಂದರೆ, ತಾಯೀ, ಆಶೀರ್ವಾದಮಾಡಿ ಕಳುಹಿಸಿರಿ. ಒಂದು ಕರಾರನ್ನು ಮಾತ್ರ ಮಾಡಿಕೊಳ್ಳಿರಿ. ಮರಳಿ ಬಂದ ಮೇಲೆ ಆಕೆ ಔರಾದ ತಾಲೂಕಿನ ಒಂದಾದರೂ ಹಳ್ಳಿಯಲ್ಲಿ ಹತ್ತು ಮಂದಿ ಹುಡುಗಹುಡುಗಿಯರನ್ನು ಕೂಡಿಸಿ, ರಕ್ತ ನಿಲ್ಲಿಸುವುದನ್ನೂ, ಮುರಿದ ಕಾಲಿಗೆ ದಬ್ಬೆ ಕಟ್ಟುವುದನ್ನೂ, ಗಾಯಾಳುವನ್ನು ಎತ್ತುವ ಕ್ರಮವನ್ನೂ ಕಲಿಸತಕ್ಕದ್ದು. ಅತಿಥಿಯೆಂದರೆ ತಿಥಿ ಹೇಳದೆ ಬರುವವನೆಂದು ನಮ್ಮ ಹಿರಿಯರು ಅರ್ಥ ಹೇಳುತ್ತಿದ್ದರು. ಆಪತ್ತಿಗೂ ತಿಥಿಯಿಲ್ಲ. ಅದು ನಮ್ಮ ಬಾಗಿಲಿಗೇ ಬಂದ ದಿನ ದೂರದ ದಾರಿಹೋಕರು ಬಂದು ಸೇರುವವರೆಗೆ ಸತ್ರವನ್ನು ನಡೆಯಿಸಬೇಕಾದವರು ನಾವೇ.