ಮೂರು ತೂತಿನ ಸಾಕ್ಷಿ

ಅಮೆರಿಕದಲ್ಲಿ ಹಳೇ ರೈಫಲ್‌ಗೆ ಹೊಸ ಬ್ಯಾರೆಲ್ ಹಾಕಿಸೋದು ಮಾಮೂಲಿ. ಬ್ಯಾರೆಲ್‌ನ ಹಿಂದಿನ ತುದಿಯಲ್ಲಿ ತೋಟಾ ಕೂರುವ ಗೂಡೇ ಚೇಂಬರ್. ಅದನ್ನು ಲೇತ್ ಮೇಲೆ ರೀಮರ್‌ನಿಂದ ಕೊರೆಯಬೇಕು. ಹೇಗೆ ಕೊರೆಯಬೇಕು ಅನ್ನುವಲ್ಲಿ ಇಲ್ಲಿನ ಗನ್‌ಸ್ಮಿತ್‌ಗಳದ್ದು ಎರಡು ಮಠ. ಬ್ಯಾರೆಲನ್ನು ಹೆಡ್‌ಸ್ಟಾಕ್ ಒಳಗೆ ತೂರಿಸಿ, ಎರಡೂ ತುದಿಗೆ ಡಯಲ್ ಇಂಡಿಕೇಟರ್ ಹಿಡಿದು ಹೊಂದಿಸಲೇಬೇಕು ಅನ್ನೋರು ಒಂದು ಕಡೆ. ಸ್ಟೆಡಿ ರೆಸ್ಟ್ ಮೇಲೆ ಕೂರಿಸಿದರೆ ಸಾಕು ಅನ್ನೋರು ಇನ್ನೊಂದು ಕಡೆ. ಬ್ಯಾರೆಲ್ ಒಳಗಿನ ರಂಧ್ರ ಪೂರ್ತಿ ನೇರ ಇರುವುದಿಲ್ಲ, ಹಾಗಾಗಿ ಜಗಳಕ್ಕೆ ಅರ್ಥ ಇದೆ. ನನ್ನ ತಕರಾರು ಅದನ್ನು ತೀರ್ಮಾನಿಸುವ ರೀತಿಯ ಮೇಲೆ: ಮೂರು ಗುಂಡು ಹೊಡೆದು, ಒತ್ತೊತ್ತಾಗಿ ಬಿದ್ದ ತೂತುಗಳ ಕಾಗದ ತೋರಿಸಿ "ಈಗೇನಂತೀರಾ?" ಅನ್ನೋದು.

ಏನನ್ನೋದು ಸ್ವಾಮಿ? ಮೂರರಿಂದ ಏನೂ ತಿಳಿಯಲ್ಲ. ಗುಂಡುಗಳು ಸಾಮಾನ್ಯ ವಿತರಣೆಯಂತೆ ಚದುರುತ್ತವೆ ಅಂದುಕೊಳ್ಳಿ. ಮೂರು ಗುಂಡಿಗೆ ಸರಾಸರಿ 1 ಇಂಚು ಹರಡುವ ರೈಫಲ್, ಹತ್ತು ಗುಂಡಿಗೆ ಸುಮಾರು 1.6 ಇಂಚು ಹರಡುತ್ತೆ. ಏನೂ ಬದಲಿಸದೆ ಅದೇ ರೈಫಲ್‌ನಿಂದ ಮೂರರ ಗುಂಪು ಇವತ್ತು 0.6, ನಾಳೆ 1.4 ಬಂದರೂ ಆಶ್ಚರ್ಯವಿಲ್ಲ. 0.6ರ ಕಾಗದ ಗೋಡೆಗೆ ಹೋಗುತ್ತೆ. 1.4ರದ್ದು ಕಸದ ಬುಟ್ಟಿಗೆ. ಕೇಳಿದರೆ, ಅವತ್ತು ಗಾಳಿ ಇತ್ತಂತೆ!

ದುಡ್ಡು ಹಾಳಾದರೆ ಹೋಗಲಿ ಅನ್ನಬಹುದು. ಆದರೆ ಆ ಕಾಗದ ಹೇಳದೇ ಇರುವ ಸಂಗತಿಯೊಂದಿದೆ, ಅದು ಹೆಡ್‌ಸ್ಪೇಸ್. ಅಂದರೆ ಬೋಲ್ಟ್‌ನ ಮುಖದಿಂದ, ಚೇಂಬರ್ ಒಳಗೆ ತೋಟಾದ ಭುಜ ಆನುವ ಜಾಗದವರೆಗಿನ ಅಂತರ. .308 ವಿಂಚೆಸ್ಟರ್‌ಗೆ ಗೋ ಗೇಜ್ 1.630 ಇಂಚು, ಸಾಮಾನ್ಯವಾಗಿ ಸಿಗುವ ನೋ-ಗೋ 1.634. ಮೊದಲನೆಯದರ ಮೇಲೆ ಬೋಲ್ಟ್ ಮುಚ್ಚಬೇಕು, ಎರಡನೆಯದರ ಮೇಲೆ ಮುಚ್ಚಬಾರದು. ಎರಡರ ನಡುವೆ ಇರೋದು ಮಿಲಿಮೀಟರಿನ ಹತ್ತನೇ ಒಂದು ಪಾಲು, ಅಷ್ಟೇ. ಅಂತರ ಅತಿಯಾದರೆ ತೋಟಾದ ಹಿತ್ತಾಳೆ ಕವಚ ಬುಡದ ಹತ್ತಿರ ಹಿಗ್ಗಿ, ತೆಳುವಾಗಿ, ಹರಿದೇಹೋಗಬಹುದು. ಆಗ ಬಿಸಿ ಅನಿಲ ನುಗ್ಗೋದು ಹಿಂದಕ್ಕೆ, ಹೊಡೆಯುವವರ ಮುಖದ ಕಡೆಗೆ. ಅಂಥ ರೈಫಲ್ ಕೂಡ ಕಾಗದದ ಮೇಲೆ ಚೆಂದದ ಮೂರು ತೂತು ಮಾಡಬಲ್ಲದು.

ಹಾಗಾಗಿ ಕೆಲಸ ಮುಗಿಸಿ ಕಾಗದ ಮುಂದಿಡುವ ಗನ್‌ಸ್ಮಿತ್‌ಗೆ, "ಎರಡೂ ಗೇಜ್ ಹಾಕಿ ನನ್ನೆದುರೇ ಬೋಲ್ಟ್ ಮುಚ್ಚಿ ತೋರಿಸಿ" ಅನ್ನಿ. ಐದು ನಿಮಿಷದ ಕೆಲಸ. ಅವರು ತಮ್ಮ ವಿಧಾನದ ನಿಖರತೆ ಬಗ್ಗೆ ಮಾತು ಶುರುಮಾಡಿದರೆ, ಹತ್ತು ಹತ್ತು ಗುಂಡಿನ ಮೂರು ಗುಂಪು ಕೇಳಿ. ತೋಟಾದ ಖರ್ಚು ಅಂತ ಮುಖ ಸಿಂಡರಿಸಿದರೆ, ಆ ದುಡ್ಡು ನೀವೇ ಕೊಟ್ಟುಬಿಡಿ.